ಸೆಕೆಂಡ್ ಹ್ಯಾಂಡ್ ಬೈಕಿನ ಅಲಾರಂ ತಾನಾಗಿಯೇ ಕೂಗುವುದರ ಬಗ್ಗೆ

ನೀವು ಕೊಂಡ ಹಳೆಯ ಬೈಕಿನ ಅಲಾರಂ ರಾತ್ರಿ ತಾನಾಗಿಯೇ ಕೂಗುತ್ತದೆ, ರಿಮೋಟ್ ತೀರಾ ಹತ್ತಿರ ಹಿಡಿದರಷ್ಟೇ ಕೆಲಸ ಮಾಡುತ್ತದೆ ಎಂದು ಬರೆದಿದ್ದೀರಿ. ಇವು ಬಹುಮಟ್ಟಿಗೆ ಎರಡು ಬೇರೆ ದೋಷಗಳು. ಅಲಾರಂ ಪೂರ್ತಿ ಬದಲಿಸಲು ಈಗಲೇ ಹೊರಡಬೇಡಿ.

ರಿಮೋಟಿನದು ಸುಲಭ. ಹಿಂಬದಿಯ ಸ್ಕ್ರೂ ಬಿಚ್ಚಿ ಸೆಲ್ ಮೇಲಿನ ಸಂಖ್ಯೆ ನೋಡಿ: ಚಪ್ಪಟೆಯಾದ ಸಿಆರ್2032 ಆದರೆ 3 ವೋಲ್ಟ್, ಸಣ್ಣ ಕೊಳವೆಯಂತಹ 27ಎ ಆದರೆ 12 ವೋಲ್ಟ್. ಅದೇ ಸಂಖ್ಯೆಯ ಹೊಸ ಸೆಲ್ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ದೊರೆಯುತ್ತದೆ. ಹಾಕುವ ಮುನ್ನ ಸ್ಪ್ರಿಂಗ್ ಮೇಲೆ ಹಸಿರು ಕಿಲುಬು ಕಟ್ಟಿದ್ದರೆ ಉಜ್ಜಿ ತೆಗೆಯಿರಿ.

ಕೂಗುವ ವಿಷಯದಲ್ಲಿ ನನ್ನ ಮೊದಲ ಅನುಮಾನ ಬೈಕಿನ ಬ್ಯಾಟರಿಯ ಮೇಲೆ. ರಾತ್ರಿಯಿಡೀ ನಿಲ್ಲಿಸಿದ ಬೈಕನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಬ್ಯಾಟರಿಯನ್ನು ವೋಲ್ಟ್ ಅಳೆಯುವ ಮಲ್ಟಿಮೀಟರ್‌ನಿಂದ ಅಳೆದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕಿಂತ ಕೆಳಗಿಳಿದಿದ್ದರೆ, ಅಲಾರಂ ಪೆಟ್ಟಿಗೆ ಆ ಕುಸಿತವನ್ನೇ ಕಳ್ಳತನದ ಯತ್ನವೆಂದು ಗ್ರಹಿಸುವ ಸಾಧ್ಯತೆ ಇದೆ. ಬ್ಯಾಟರಿ ಸರಿಯಿದ್ದರೆ ಸೀಟಿನ ಕೆಳಗಿನ ಕನೆಕ್ಟರ್‌ಗೆ ಮಳೆನೀರು ಇಳಿದಿದೆಯೇ ನೋಡಿ, ಆಮೇಲೆ ಕಂಪನ ಸೆನ್ಸರ್‌ನ ಸೂಕ್ಷ್ಮತೆಯನ್ನು ತಗ್ಗಿಸಿ. ನಿಮ್ಮ ಮನೆ ಲಾರಿ ಓಡಾಡುವ ರಸ್ತೆಯ ಪಕ್ಕದಲ್ಲಿದ್ದರೆ ಇದು ಇನ್ನೂ ಮುಖ್ಯ.

ಇನ್ನೊಂದು ಮಾತು, ದಯವಿಟ್ಟು ಕಡೆಗಣಿಸಬೇಡಿ: ಹಿಂದಿನ ಮಾಲೀಕರ ಬಳಿ ಎರಡನೆಯ ರಿಮೋಟ್ ಉಳಿದಿರಬಹುದು. ಹಳೆಯ ಕೋಡ್‌ಗಳನ್ನು ಅಳಿಸಿ, ನಿಮ್ಮ ರಿಮೋಟನ್ನು ಮಾತ್ರ ಹೊಸದಾಗಿ ಜೋಡಿಸಿಕೊಡುವಂತೆ ಆಟೋ ಎಲೆಕ್ಟ್ರಿಷಿಯನ್‌ಗೆ ಹೇಳಿ.