ಗಂಡಭೇರುಂಡದ ಆಕಾರದ ನಾಣ್ಯಕ್ಕೆ ಖರ್ಚು ಏಕೆ ಹೆಚ್ಚು?

ಪ್ರಶ್ನೆ: ನಾನು ಅಮೆರಿಕದ ಆರೆಗನ್ ರಾಜ್ಯದ ಬೀವರ್ಟನ್‌ನಲ್ಲಿ ನೆಲೆಸಿರುವ ಕನ್ನಡಿಗ. ಜಿಪಿಎಸ್ ಹಿಡಿದು ಗುಪ್ತ ಡಬ್ಬಿಗಳನ್ನು ಹುಡುಕುವ ಜಿಯೋಕ್ಯಾಚಿಂಗ್ ನನ್ನ ಮತ್ತು ಮಕ್ಕಳ ವಾರಾಂತ್ಯದ ಹವ್ಯಾಸ. ಸಾವಿರ ಡಬ್ಬಿಗಳನ್ನು ಹುಡುಕಿದ ನೆನಪಿಗೆ ಗಂಡಭೇರುಂಡದ ಆಕಾರದಲ್ಲಿಯೇ ಕತ್ತರಿಸಿದ ನೂರು ಜಿಯೋಕಾಯಿನ್‌ಗಳನ್ನು (ಈ ಆಟದಲ್ಲಿ ಡಬ್ಬಿಯಿಂದ ಡಬ್ಬಿಗೆ ಸಾಗುವ ನೆನಪಿನ ನಾಣ್ಯಗಳನ್ನು) ಮಾಡಿಸಬೇಕೆಂದಿದ್ದೇನೆ. ತಯಾರಕರೊಬ್ಬರು 44 ಮಿ.ಮೀ. ದುಂಡು ನಾಣ್ಯವಾದರೆ ಅಚ್ಚಿಗೆ 160 ಡಾಲರ್ ಮತ್ತು ನಾಣ್ಯವೊಂದಕ್ಕೆ 3.80 ಡಾಲರ್, 50 ಮಿ.ಮೀ. ಅಗಲದ ಪಕ್ಷಿಯಾಕಾರವಾದರೆ ಅಚ್ಚಿಗೆ 290 ಡಾಲರ್ ಮತ್ತು ನಾಣ್ಯವೊಂದಕ್ಕೆ 5.40 ಡಾಲರ್ ಎಂದು ದರಪಟ್ಟಿ ಕಳುಹಿಸಿದ್ದಾರೆ. ರೆಕ್ಕೆಗಳ ನಡುವಿನ ಜಾಗವನ್ನೆಲ್ಲ ಕತ್ತರಿಸಿ ತೆಗೆದ ಮೇಲೆ ಪಕ್ಷಿಗೆ ಬೇಕಾಗುವ ಲೋಹ ಕಡಿಮೆಯೇ ಅಲ್ಲವೇ? ಹಾಗಿದ್ದೂ ಬೆಲೆ ಏಕೆ ಹೆಚ್ಚು?
— ಬೀವರ್ಟನ್‌ನ ಓದುಗರು

ಉತ್ತರ: ಈ ಹವ್ಯಾಸ ಹುಟ್ಟಿದ ನೆಲದಲ್ಲಿಯೇ ನೀವಿದ್ದೀರಿ. ಜಿಪಿಎಸ್ ಸಂಕೇತಗಳನ್ನು ಬೇಕೆಂದೇ ಮಸುಕುಗೊಳಿಸುತ್ತಿದ್ದ ಕ್ರಮವನ್ನು ಅಮೆರಿಕ ಸರ್ಕಾರ 2000ದ ಮೇ ಮೊದಲ ವಾರದಲ್ಲಿ ಕೈಬಿಟ್ಟಿತು. ಅದಾದ ಒಂದೆರಡು ದಿನಗಳಲ್ಲಿಯೇ, ಮೇ 3ರಂದು, ಡೇವ್ ಉಲ್ಮರ್ ಅವರು ಮೊದಲ ಡಬ್ಬಿಯನ್ನು ಅಡಗಿಸಿಟ್ಟದ್ದು ಆರೆಗನ್‌ನ ಬೀವರ್‌ಕ್ರೀಕ್ ಬಳಿ.

ಲೋಹದ ವಿಚಾರದಲ್ಲಿ ನಿಮ್ಮ ಊಹೆ ಸರಿಯಾಗಿದೆ. ಬೆಲೆಯ ವಿಚಾರದಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ನೀವು ಕೊಡುವ ಹಣದಲ್ಲಿ ಲೋಹಕ್ಕೆ ಹೋಗುವ ಪಾಲು ತೀರ ಸಣ್ಣದು. 44 ಮಿ.ಮೀ. ಅಗಲ ಮತ್ತು 3 ಮಿ.ಮೀ. ದಪ್ಪದ ದುಂಡು ಬಿಲ್ಲೆಯು ಸತುವಿನ ಮಿಶ್ರಲೋಹದ್ದಾದರೆ ಸುಮಾರು 30 ಗ್ರಾಂ, ಹಿತ್ತಾಳೆಯದ್ದಾದರೆ ಸುಮಾರು 39 ಗ್ರಾಂ ತೂಗುತ್ತದೆ. ಕಚ್ಚಾ ಸತುವಿಗೆ ಕಿಲೋ ಒಂದಕ್ಕೆ 3 ಡಾಲರ್ ಎಂದು ಹಿಡಿದರೂ ಒಂದು ನಾಣ್ಯದೊಳಗಿನ ಸತು ಹತ್ತು ಸೆಂಟ್‌ನ ಆಸುಪಾಸಿನದು. ನಿಮ್ಮ ಪಕ್ಷಿಯ ಆಕಾರದಿಂದ ಮೂರನೆಯ ಒಂದು ಭಾಗ ಲೋಹ ಉಳಿಯಿತೆಂದರೆ ಉಳಿತಾಯವಾಗುವುದು ಮೂರು ಸೆಂಟ್ ಮಾತ್ರ. ಉಳಿದ ಹಣವೆಲ್ಲ ಅಚ್ಚು, ಅಂಚು, ಬಣ್ಣ, ಲೇಪ ಮತ್ತು ಕೈಕೆಲಸಕ್ಕೆ ಸಲ್ಲುತ್ತದೆ.

ದುಂಡು ನಾಣ್ಯವನ್ನು ಟಂಕಿಸುವ ಕ್ರಮವನ್ನು ನೋಡಿದರೆ ಆಕಾರದ ಖರ್ಚು ಎಲ್ಲಿ ಹುಟ್ಟುತ್ತದೆಂಬುದು ತಿಳಿಯುತ್ತದೆ. ಸಿದ್ಧವಾಗಿ ದೊರೆಯುವ ದುಂಡು ಬಿಲ್ಲೆಯನ್ನು ಉಕ್ಕಿನ ಬಳೆಯೊಂದರ ಒಳಗೆ ಕೂರಿಸಿ ಮೇಲಿನಿಂದಲೂ ಕೆಳಗಿನಿಂದಲೂ ಎರಡು ಅಚ್ಚುಗಳಿಂದ ಒತ್ತುತ್ತಾರೆ; ಹಿಗ್ಗುವ ಲೋಹವನ್ನು ಬಳೆ ತಡೆಯುವುದರಿಂದ ಅಂಚು ತಾನಾಗಿಯೇ ನೇರವಾಗುತ್ತದೆ. ಆ ಬಳೆ ಮತ್ತು ಬಿಲ್ಲೆಗಳು ಎಲ್ಲ ಗಿರಾಕಿಗಳಿಗೂ ಒಂದೇ ಆಗಿರುವುದರಿಂದ ನಿಮ್ಮ ಲೆಕ್ಕಕ್ಕೆ ಬೀಳುವುದು ಎರಡು ಮುಖಗಳ ಅಚ್ಚು ಮಾತ್ರ. ಗಂಡಭೇರುಂಡಕ್ಕೆ ಹೊಂದುವ ಬಳೆ ಯಾರ ಬಳಿಯೂ ಇರುವುದಿಲ್ಲ. ಆದ್ದರಿಂದ ಲೋಹದ ಹಾಳೆಯ ಮೇಲೆ ಚಿತ್ರವನ್ನು ಮೊದಲು ಒತ್ತಿ, ಅನಂತರ ಪಕ್ಷಿಯ ಹೊರರೇಖೆಗೆ ಸರಿಯಾಗಿ ಕೊರೆದ ಮೂರನೆಯ ಅಚ್ಚಿನಿಂದ ಸುತ್ತಲಿನ ಲೋಹವನ್ನು ಕತ್ತರಿಸಬೇಕಾಗುತ್ತದೆ. ಕೊಕ್ಕುಗಳ ನಡುವೆ ಅಥವಾ ಕಾಲುಗಳ ಸಂದಿಯಲ್ಲಿ ಆರಪಾರ ತೂತು ಬೇಕೆಂದರೆ ಅದಕ್ಕೆ ಬೇರೆ ಪಂಚ್ ಬೇಕು. ಹೀಗೆ ಕತ್ತರಿಸಿದ ಅಂಚು ಒರಟಾಗಿರುವುದರಿಂದ ಪ್ರತಿಯೊಂದು ನಾಣ್ಯದ ಮೂಲೆಮುಡುಕುಗಳನ್ನೂ ಕೈಯಿಂದ ಉಜ್ಜಿ ನಯಗೊಳಿಸಬೇಕು. ನಾಣ್ಯವೊಂದರ ದರ ಏರುವುದಕ್ಕೆ ಇದೊಂದು ಕಾರಣ.

ಇದಕ್ಕಿಂತ ಮಿತವ್ಯಯದ ದಾರಿ ಎರಕದ್ದು. ಸತುವಿನ ಮಿಶ್ರಲೋಹ 400 ಡಿಗ್ರಿ ಸೆಲ್ಸಿಯಸ್‌ಗೂ ಮೊದಲೇ ಕರಗುತ್ತದೆ. ಹಿತ್ತಾಳೆಗೆ 900 ಡಿಗ್ರಿಯಷ್ಟು ಬೇಕು. ಕರಗಿದ ಸತುವನ್ನು ಒತ್ತಡದಿಂದ ಅಚ್ಚಿನೊಳಗೆ ತುಂಬಿದಾಗ ಹೊರರೇಖೆ, ತೂತುಗಳು, ಉಬ್ಬುತಗ್ಗುಗಳು ಎಲ್ಲವೂ ಒಂದೇ ಸಲಕ್ಕೆ ಮೂಡುವುದರಿಂದ ಕತ್ತರಿಸುವ ಅಚ್ಚಿನ ಅಗತ್ಯವೇ ಇರುವುದಿಲ್ಲ. ತಿರುಗುವ ರಬ್ಬರ್ ಅಚ್ಚಿನಲ್ಲಿ ಎರೆಯುವ ಇನ್ನೂ ಅಗ್ಗದ ಪದ್ಧತಿಯೂ ಇದೆ, ಆದರೆ ಗರಿಗಳ ಗೆರೆಗಳಂತಹ ಸೂಕ್ಷ್ಮ ವಿವರ ಅದರಲ್ಲಿ ಅಷ್ಟು ಚೊಕ್ಕವಾಗಿ ಬರುವುದಿಲ್ಲ. ಟಂಕಿಸಿದ ಹಿತ್ತಾಳೆಗೆ ಇರುವ ತೂಕ ಮತ್ತು ಗೆರೆಯ ಹರಿತ ಎರಕದ ಸತುವಿಗೆ ಇರುವುದಿಲ್ಲವೆಂದು ಹಳೆಯ ಸಂಗ್ರಾಹಕರು ಗೊಣಗುವುದರಲ್ಲಿ ಸತ್ಯವಿದೆ. ಆದರೂ ನೂರು ನಾಣ್ಯಗಳ ವಿಚಿತ್ರಾಕಾರದ ಕೆಲಸಕ್ಕೆ ನಾನು ಒತ್ತಡದ ಎರಕವನ್ನೇ ಆರಿಸಿಕೊಳ್ಳುತ್ತೇನೆ. ನಿಮಗೆ ಬಂದಿರುವ ದರ ಯಾವ ಪದ್ಧತಿಯದೆಂದು ಮೊದಲು ಕೇಳಿ ತಿಳಿದುಕೊಳ್ಳಿ.

ಈಗ ನಿಮ್ಮ ದರಪಟ್ಟಿಯನ್ನೇ ಬಿಡಿಸಿ ನೋಡೋಣ. ದುಂಡು ನಾಣ್ಯಕ್ಕೆ ಒಟ್ಟು 540 ಡಾಲರ್, ಅಂದರೆ ಒಂದಕ್ಕೆ 5.40, ಪಕ್ಷಿಗೆ ಒಟ್ಟು 830 ಡಾಲರ್, ಅಂದರೆ ಒಂದಕ್ಕೆ 8.30. ಒಂದೊಂದರ ಮೇಲೆ ಬೀಳುವ 2.90 ಡಾಲರ್ ವ್ಯತ್ಯಾಸದಲ್ಲಿ 1.30 ಅಚ್ಚಿನದು, 1.60 ತಯಾರಿಕೆಯದು. ಆದರೆ ನೀವು ಹೋಲಿಸುತ್ತಿರುವುದು 44 ಮಿ.ಮೀ. ಅನ್ನು 50 ಮಿ.ಮೀ.ನೊಂದಿಗೆ. ಅಗಲ ಆರು ಮಿಲಿಮೀಟರ್ ಹೆಚ್ಚಿದರೆ ವೃತ್ತದ ವಿಸ್ತೀರ್ಣ ಶೇಕಡಾ 29ರಷ್ಟು ಹೆಚ್ಚುತ್ತದೆ. ವಿಸ್ತೀರ್ಣಕ್ಕೆ ತಕ್ಕಂತೆಯೇ ದರವೂ ಏರುತ್ತದೆಂದು ಒರಟಾಗಿ ಭಾವಿಸಿದರೆ 3.80 ಎಂಬುದು 4.90 ಆಗುತ್ತದೆ. ಅಂದರೆ ತಯಾರಿಕೆಯ 1.60ರಲ್ಲಿ ಆಕಾರಕ್ಕೆ ಸಲ್ಲುವುದು ಐವತ್ತು ಸೆಂಟ್ ಮಾತ್ರ. ಮಿಕ್ಕದ್ದು ನೀವು ಗಮನಿಸದೆ ಹೆಚ್ಚಿಸಿದ ಗಾತ್ರದ ಬೆಲೆ. ಎರಡಕ್ಕೂ ಒಂದೇ ಗಾತ್ರದಲ್ಲಿ ದರ ಕೇಳಿದ್ದರೆ ನಿಮ್ಮ ಆಶ್ಚರ್ಯ ಅರ್ಧದಷ್ಟಾದರೂ ಇಳಿಯುತ್ತಿತ್ತು.

ಗಾತ್ರವನ್ನು ಅಳೆಯುವ ಬಗೆಯಲ್ಲಿಯೂ ಒಂದು ಮರ್ಮವಿದೆ. ಕೆಲವರು ಅತಿ ಉದ್ದದ ಬದಿಯನ್ನೇ ಗಾತ್ರವೆಂದು ಎಣಿಸುತ್ತಾರೆ. ಕೆಲವರು ಉದ್ದ ಮತ್ತು ಅಗಲಗಳ ಸರಾಸರಿ ತೆಗೆದುಕೊಳ್ಳುತ್ತಾರೆ. ನಿಮ್ಮ ಪಕ್ಷಿ 50 ಮಿ.ಮೀ. ಅಗಲ ಮತ್ತು 40 ಮಿ.ಮೀ. ಎತ್ತರ ಇದ್ದರೆ ಮೊದಲನೆಯವರಿಗೆ ಅದು 50, ಎರಡನೆಯವರಿಗೆ 45. ಮೊದಲನೆಯವರಲ್ಲಿ ನೀವು ಎರಡು ಕೊರಳುಗಳ ನಡುವಿನ ಗಾಳಿಗೂ ಹಣ ಕೊಡುತ್ತಿರುತ್ತೀರಿ.

ಅಚ್ಚಿನ ಖರ್ಚು ಒಂದು ಬಾರಿಯದು. 290 ಡಾಲರ್ ಐವತ್ತು ನಾಣ್ಯಗಳ ಮೇಲೆ ಹಂಚಿದಾಗ ಒಂದೊಂದಕ್ಕೆ 5.80 ಬೀಳುತ್ತದೆ, ನೂರರ ಮೇಲೆ 2.90, ಮುನ್ನೂರರ ಮೇಲೆ ಒಂದು ಡಾಲರ್‌ಗಿಂತ ಕಡಿಮೆ. ನಮ್ಮ ಬಾಲ್ಯದ ಚೌಕದ ಐದು ಪೈಸೆ, ಅಲೆಯಂಚಿನ ಹತ್ತು ಪೈಸೆ, ಆರು ಮೂಲೆಯ ಇಪ್ಪತ್ತು ಪೈಸೆಗಳನ್ನು ನೆನೆಸಿಕೊಳ್ಳಿ. ದುಂಡಗಿಲ್ಲದ ಅಲ್ಯೂಮಿನಿಯಂ ನಾಣ್ಯಗಳನ್ನು ಸರ್ಕಾರಿ ಟಂಕಸಾಲೆಗಳು ಯಾವ ಅಂಜಿಕೆಯೂ ಇಲ್ಲದೆ ಹೊರತಂದದ್ದು ಆ ಅಚ್ಚುಗಳ ಖರ್ಚು ಲಕ್ಷಗಟ್ಟಲೆ ನಾಣ್ಯಗಳ ಮೇಲೆ ಹಂಚಿಹೋಗುತ್ತಿದ್ದುದರಿಂದ. ನಿಮ್ಮ ಬಳಿ ಇರುವುದು ನೂರು ನಾಣ್ಯ ಮಾತ್ರ. ಒಂದೇ ಅಚ್ಚಿನಿಂದ ಅರವತ್ತನ್ನು ಹಳೆಯ ಬೆಳ್ಳಿಯ ಬಣ್ಣದಲ್ಲಿ, ನಲವತ್ತನ್ನು ತಾಮ್ರದ ಲೇಪದಲ್ಲಿ ಮಾಡಿಸಿ ಎರಡು ಆವೃತ್ತಿಗಳೆನ್ನುವ ರೂಢಿ ಹವ್ಯಾಸಿಗಳಲ್ಲಿದೆ. ಅದಕ್ಕೆ ಹೊಸ ಅಚ್ಚು ಬೇಕಿಲ್ಲವಾದರೂ ಲೇಪವೊಂದಕ್ಕೆ ಕನಿಷ್ಠ ಎಷ್ಟು ನಾಣ್ಯಗಳಿರಬೇಕೆಂದು ಕೇಳಿಕೊಳ್ಳಬೇಕು.

ದರಪಟ್ಟಿಯಲ್ಲಿ ಕಾಣದ ಕೆಲವು ಖರ್ಚುಗಳೂ ಇವೆ. ಜಿಯೋಕಾಯಿನ್‌ಗೆ ಬೆಲೆ ಬರುವುದು ಅದರ ಮೇಲಿನ ಗುರುತುಸಂಖ್ಯೆಯಿಂದ. ನಾಣ್ಯ ಡಬ್ಬಿಯಿಂದ ಡಬ್ಬಿಗೆ ಪಯಣಿಸಿದ್ದನ್ನು ಆ ಸಂಖ್ಯೆಯ ಮೂಲಕವೇ ದಾಖಲಿಸುತ್ತಾರೆ. ಈ ಸಂಖ್ಯೆಗಳನ್ನು ಸಿಯಾಟಲ್‌ನಲ್ಲಿರುವ ಜಿಯೋಕ್ಯಾಚಿಂಗ್ ಸಂಸ್ಥೆಯಿಂದ ಹಣ ಕೊಟ್ಟು ಪಡೆಯಬೇಕು. ಒಂದೊಂದು ನಾಣ್ಯಕ್ಕೂ ಸಂಖ್ಯೆ ಬೇರೆಯಾದ್ದರಿಂದ ಅದನ್ನು ಅಚ್ಚಿನಲ್ಲಿ ಕೊರೆಯಲು ಸಾಧ್ಯವಿಲ್ಲ. ಲೇಸರ್‌ನಿಂದ ಪ್ರತ್ಯೇಕವಾಗಿ ಬರೆಯಬೇಕು, ಅದಕ್ಕೆ ಬೇರೆ ಕೂಲಿ. ಆ ಸಂಸ್ಥೆಯ ಜಾಲತಾಣದಲ್ಲಿ ನಾಣ್ಯಕ್ಕೆ ಸ್ವಂತ ಪುಟ್ಟ ಲಾಂಛನಚಿತ್ರ ಬೇಕೆಂದರೆ ಅದರ ಶುಲ್ಕವೂ ಬೇರೆ. ಪಕ್ಷಿಯ ಮೈತುಂಬ ಗರಿಗಳನ್ನು ಕೆತ್ತಿಸುವ ಉತ್ಸಾಹದಲ್ಲಿ ಈ ಸಂಖ್ಯೆಗೆ ಒಂದು ಸಮತಟ್ಟಾದ ಜಾಗವನ್ನು ಬಿಡಲು ಮರೆಯಬೇಡಿ. 44 ಮಿ.ಮೀ. ದುಂಡು ನಾಣ್ಯಕ್ಕೆ ಪ್ಲಾಸ್ಟಿಕ್ ಕರಡಿಗೆಗಳು ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತವೆ. ಎರಡು ತಲೆಯ ಪಕ್ಷಿಗೆ ಹೊಂದುವ ಕರಡಿಗೆ ಸಿಗುವುದಿಲ್ಲ. ಇನ್ನು ಸುಂಕ. 800 ಡಾಲರ್ ಒಳಗಿನ ಸರಕಿಗೆ ಅಮೆರಿಕದಲ್ಲಿದ್ದ ಸುಂಕವಿನಾಯಿತಿ ಚೀನಾದ ಸರಕುಗಳಿಗೆ 2025ರ ಮೇ 2ರಿಂದಲೂ, ಉಳಿದ ದೇಶಗಳ ಸರಕುಗಳಿಗೆ ಆಗಸ್ಟ್ 29ರಿಂದಲೂ ನಿಂತಿದೆ. ನಾಣ್ಯಗಳು ಹೊರದೇಶದಿಂದ ಬರುವುದಾದರೆ ಸುಂಕವನ್ನು ಕಟ್ಟುವವರು ಯಾರೆಂಬುದನ್ನು ಬರವಣಿಗೆಯಲ್ಲಿಯೇ ಪಡೆದುಕೊಳ್ಳಿ.

ಕೊನೆಯದಾಗಿ, ಕೇಳದಿದ್ದರೂ ಒಂದು ಸಲಹೆ. ಗಂಡಭೇರುಂಡ ಕನ್ನಡ ನೆಲದ ನಾಣ್ಯಕ್ಕೆ ಹೊಸದೇನಲ್ಲ. ವಿಜಯನಗರದ ಅಚ್ಯುತರಾಯನ ಪುಟ್ಟ ಹೊನ್ನಿನ ನಾಣ್ಯಗಳ ಮೇಲೆ ಕೊಕ್ಕುಗಳಲ್ಲೂ ಉಗುರುಗಳಲ್ಲೂ ಆನೆಗಳನ್ನು ಹಿಡಿದ ಗಂಡಭೇರುಂಡವಿದೆ, ಮತ್ತು ಆ ಅಚ್ಚಿನ ಕಮ್ಮಾರ ಪಕ್ಷಿಯನ್ನು ದುಂಡು ಬಿಲ್ಲೆಯೊಳಗೇ ಹೊಂದಿಸಿದ್ದಾನೆ: ರೆಕ್ಕೆಗಳು ಅಂಚಿನತ್ತ ಬಾಗಿವೆ, ತೆರವಿದ್ದಲ್ಲಿ ಆನೆಗಳು ಬಂದಿವೆ. ನೀವೂ ರೆಕ್ಕೆಗಳ ತುದಿಗಳು ಒಂದು ವೃತ್ತವನ್ನು ಮುಟ್ಟುವಂತೆ ಚಿತ್ರ ಬರೆಸಿ, ತಲೆಗಳ ಸುತ್ತ ಮಾತ್ರ ಲೋಹವನ್ನು ತೆಗೆಸಿದರೆ ಪಕ್ಷಿಯ ಆಕಾರವೂ ಉಳಿಯುತ್ತದೆ, ಕೊಕ್ಕುಗಳು ಚಾಚಿಕೊಂಡು ಮುರಿಯುವ ಭಯವೂ ತಗ್ಗುತ್ತದೆ. ಒಂದು ಮಿಲಿಮೀಟರ್‌ಗಿಂತ ತೆಳ್ಳಗಿನ ಕೊಕ್ಕು ಜೇಬಿನಲ್ಲಿ ಬಹಳ ದಿನ ಬಾಳುವುದಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಕಾಲೇಜುಗಳ ಪದಕ, ಬ್ಯಾಡ್ಜ್, ಕೀಚೈನ್‌ಗಳನ್ನು ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ವಿದೇಶದಲ್ಲಿರುವ ತಮ್ಮನಿಗೆ ಇಂತಹ ನಾಣ್ಯಗಳನ್ನು ಇಲ್ಲಿಯೇ ಮಾಡಿಸಿ ಕಳುಹಿಸಬಹುದೇ? ಕಾನೂನಿನ ತೊಡಕೇನಾದರೂ ಇದೆಯೇ?
— ಬೆಂಗಳೂರಿನ ಓದುಗರು

ಉತ್ತರ: ಮಾಡಿಸಬಹುದು. ಪದಕ ಮಾಡುವವರಿಗೆ ಬೇಕಾದ ಎರಕ, ಬಣ್ಣ, ಲೇಪಗಳೇ ಇದಕ್ಕೂ ಸಾಕು, ಮತ್ತು ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿರುವ, ತಂತಿಯಿಂದ ಲೋಹವನ್ನು ಕತ್ತರಿಸುವ ವೈರ್‌ಕಟ್ ಯಂತ್ರಗಳಿಗೆ ಎಂತಹ ಹೊರರೇಖೆಯೂ ಕಷ್ಟವಲ್ಲ. ಆದರೆ ಕೀಚೈನ್‌ಗೆ ಒಂದು ಮುಖ ಸಾಕಾಗುತ್ತದೆ, ನಾಣ್ಯಕ್ಕೆ ಎರಡು ಮುಖಗಳೂ ಒಂದಕ್ಕೊಂದು ಸರಿಯಾಗಿ ಕೂಡಬೇಕು. ಹೀಗಾಗಿ ಒಪ್ಪಿಗೆ ಕೊಡುವ ಮುನ್ನ ಲೇಪವಾದ ಒಂದು ಮಾದರಿಯನ್ನು ಕೈಯಲ್ಲಿ ಹಿಡಿದು ನೋಡಿ. ಗುರುತುಸಂಖ್ಯೆ ಬೇಕಾಗಿದ್ದರೆ ಜಿಯೋಕ್ಯಾಚಿಂಗ್ ಸಂಸ್ಥೆಯ ಒಪ್ಪಿಗೆಯನ್ನು ಅಚ್ಚು ಕೊರೆಸುವ ಮೊದಲೇ ಪಡೆಯತಕ್ಕದ್ದು. 30 ಗ್ರಾಂನ ನೂರು ನಾಣ್ಯಗಳೆಂದರೆ 3 ಕಿಲೋ. ಅಂಚೆಯ ಖರ್ಚನ್ನೂ ಮೇಲೆ ಹೇಳಿದ ಸುಂಕವನ್ನೂ ಸೇರಿಸಿದರೆ ಇಲ್ಲಿನ ಅಗ್ಗದ ಕೂಲಿಯ ಲಾಭ ಬಹುಮಟ್ಟಿಗೆ ಕರಗಬಹುದು.

ಕಾನೂನಿನ ಮಟ್ಟಿಗೆ, ನಮ್ಮಲ್ಲಿ ನಾಣ್ಯಗಳ ವಿಷಯವನ್ನು 2011ರ ನಾಣ್ಯ ಕಾಯ್ದೆ ನೋಡಿಕೊಳ್ಳುತ್ತದೆ. ಹಣದಂತೆ ಚಲಾಯಿಸುವ ಲೋಹದ ತುಂಡನ್ನು ಖಾಸಗಿಯವರು ತಯಾರಿಸುವಂತಿಲ್ಲ. ನೆನಪಿನ ಬಿಲ್ಲೆ ಹಣವಲ್ಲ, ಆದರೂ ಅದರ ಮೇಲೆ ರೂಪಾಯಿ ಚಿಹ್ನೆಯನ್ನಾಗಲಿ ಮುಖಬೆಲೆಯನ್ನಾಗಲಿ ಹಾಕಿಸದಿರುವುದು ಕ್ಷೇಮ. ಅಶೋಕಸ್ತಂಭದ ಸಿಂಹಗಳ ಬಳಕೆಗೆ 2005ರ ಪ್ರತ್ಯೇಕ ಕಾಯ್ದೆಯ ನಿರ್ಬಂಧವಿದೆ. ಕರ್ನಾಟಕದ ರಾಜ್ಯಲಾಂಛನದಲ್ಲಿ ಗಂಡಭೇರುಂಡದ ಮೇಲೆ ಆ ಸಿಂಹಗಳೂ ಇರುವುದರಿಂದ ಲಾಂಛನವನ್ನು ಹಾಗೆಯೇ ನಕಲು ಮಾಡಿಸದೆ, ಪಕ್ಷಿಯನ್ನು ಮಾತ್ರ ಹೊಸದಾಗಿ ಬರೆಸಿಕೊಳ್ಳಿ.

ಪ್ರಶ್ನೆ: ಇಷ್ಟೆಲ್ಲ ಖರ್ಚು ಮಾಡಿ ನಾಣ್ಯವನ್ನು ಕಾಡಿನ ಡಬ್ಬಿಯಲ್ಲಿಟ್ಟರೆ ಅದನ್ನು ಯಾರಾದರೂ ಎತ್ತಿಕೊಂಡು ಹೋಗುವುದಿಲ್ಲವೇ? ಅಗ್ಗದ ದಾರಿ ಯಾವುದೂ ಇಲ್ಲವೇ?
— ದಾವಣಗೆರೆಯ ಓದುಗರು

ಉತ್ತರ: ಎತ್ತಿಕೊಂಡು ಹೋಗುವವರಿದ್ದಾರೆ, ಚೆಂದದ ಆಕಾರದ ನಾಣ್ಯವಾದರೆ ಇನ್ನೂ ಬೇಗ. ಅದಕ್ಕಾಗಿಯೇ ಅನೇಕರು ಮೂಲ ನಾಣ್ಯವನ್ನು ಮನೆಯಲ್ಲಿಟ್ಟುಕೊಂಡು, ಅದರ ಚಿತ್ರ ಮತ್ತು ಸಂಖ್ಯೆಗಳಿರುವ ಲ್ಯಾಮಿನೇಟ್ ಮಾಡಿದ ಕಾಗದವನ್ನು ಪಯಣಕ್ಕೆ ಕಳುಹಿಸುತ್ತಾರೆ. ಸಂಖ್ಯೆಯೇ ಬೇಡ, ಬಂದುಹೋದ ಗುರುತಿಗೆ ಏನಾದರೊಂದು ಇಡಬೇಕೆನ್ನುವವರಿಗೆ ಮರದ ಬಿಲ್ಲೆಗಳಿವೆ. ಲೇಸರ್ ಯಂತ್ರಕ್ಕೆ ಅಚ್ಚು ಬೇಕಿಲ್ಲ. ಗಣಕದಲ್ಲಿ ಬರೆದ ರೇಖೆಯಂತೆಯೇ ಅದು ಕತ್ತರಿಸುವುದರಿಂದ ಹತ್ತು ಬಿಲ್ಲೆಗಳನ್ನು ಮಾಡಿಸಿದರೂ ಆಕಾರಕ್ಕೆಂದು ಹೆಚ್ಚಿನ ಹಣ ತೆರಬೇಕಾಗುವುದಿಲ್ಲ. ಆದರೆ ಡಬ್ಬಿಯೊಳಗೆ ತೇವ ಸೇರುತ್ತಲೇ ಇರುತ್ತದೆ, ಆದ್ದರಿಂದ ಎರಡು ಮುಖಗಳಿಗಲ್ಲದೆ ಸುಟ್ಟ ಅಂಚಿಗೂ ಎರಡು ಸಲ ವಾರ್ನಿಶ್ ಬಳಿಸಿ.