ಗೋಲು ಹೊಡೆಯುವುದೇ ಅಪರೂಪವಾದ ಇಂಗ್ಲೆಂಡ್ ಫುಟ್‌ಬಾಲ್ ಆಟಗಾರ್ತಿ ಕೀರಾ ವಾಲ್ಶ್‌ಗಾಗಿ ಬಾರ್ಸಿಲೋನಾ ಕ್ಲಬ್ ಅಷ್ಟೊಂದು ಹಣ ಕೊಟ್ಟಿದ್ದೇಕೆ?

ಆಟದ ವೇಗ, ದಿಕ್ಕು ಎರಡನ್ನೂ ಆಕೆ ಹಿಂದಿನಿಂದಲೇ ನಿರ್ಧರಿಸುತ್ತಾರೆ, ಅದಕ್ಕೆ. 2022ರ ಸೆಪ್ಟೆಂಬರ್‌ನಲ್ಲಿ ಬಾರ್ಸಿಲೋನಾ ಆಕೆಯ ಆಗಿನ ಕ್ಲಬ್ ಮ್ಯಾಂಚೆಸ್ಟರ್ ಸಿಟಿಗೆ ಕೊಟ್ಟ ಮೊತ್ತ ಸುಮಾರು 4 ಲಕ್ಷ ಪೌಂಡ್ ಎಂದು ವರದಿಯಾಗಿತ್ತು. ಮಹಿಳಾ ಫುಟ್‌ಬಾಲ್‌ನಲ್ಲಿ ಆಗ ಅದು ವಿಶ್ವದಾಖಲೆ.

ರಾಚ್‌ಡೇಲ್‌ನಲ್ಲಿ ಹುಟ್ಟಿದ ವಾಲ್ಶ್ ಆಡುವುದು ರಕ್ಷಣಾ ಸಾಲಿನ ಸ್ವಲ್ಪ ಮುಂದೆ, ಮೈದಾನದ ನಡುವೆ. ಅಲ್ಲಿ ಚೆಂಡು ಸಿಕ್ಕ ಕೂಡಲೇ ಎದುರಾಳಿಗಳು ಮುತ್ತಿಕೊಳ್ಳುತ್ತಾರೆ. ಹೆಚ್ಚಿನವರು ಹೆದರಿ ಹಿಂದಕ್ಕೇ ತಳ್ಳಿಬಿಡುತ್ತಾರೆ. ಈಕೆ ಚೆಂಡು ಬರುವ ಮೊದಲೇ ಸುತ್ತ ನೋಡಿಕೊಂಡಿರುತ್ತಾರೆ, ಹಾಗಾಗಿ ತಿರುಗಿ ಮುಂದಕ್ಕೆ ಪಾಸ್ ಕೊಡಲು ಸಮಯ ಸಿಗುತ್ತದೆ. ಆ ಒಂದು ಪಾಸ್‌ಗೆ ಎದುರಾಳಿಗಳ ಇಡೀ ಸಾಲೇ ಆಟದಿಂದ ಆಚೆ ಬಿದ್ದಂತೆ.

ಯುರೋಪಿನ ದೇಶಗಳ ಟೂರ್ನಿಯಾದ ಯೂರೋದ 2022ರ ಫೈನಲ್‌ನಲ್ಲಿ ನಡೆದದ್ದೂ ಇದೇ. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಜರ್ಮನಿಯ ರಕ್ಷಣೆಯನ್ನು ಸೀಳಿದ ಅವರ ಉದ್ದನೆಯ ಪಾಸ್‌ ಹಿಡಿದು ಸಹ ಆಟಗಾರ್ತಿ ಎಲಾ ಟೂನ್ ಮೊದಲ ಗೋಲು ಹೊಡೆದರು. ಇಂಗ್ಲೆಂಡ್ 2–1ರಿಂದ ಗೆದ್ದಿತು. ಸ್ಕೋರ್ ಪಟ್ಟಿಯಲ್ಲಿ ಟೂನ್ ಹೆಸರಿದೆ, ಆದರೆ ನನ್ನ ಪ್ರಕಾರ ಆ ಗೋಲಿನ ಮುಕ್ಕಾಲು ಪಾಲು ವಾಲ್ಶ್‌ದೇ.

ಅವರಿಲ್ಲದಾಗಲೂ ಬೆಲೆ ತಿಳಿಯುತ್ತದೆ. 2023ರ ವಿಶ್ವಕಪ್‌ನಲ್ಲಿ ಡೆನ್ಮಾರ್ಕ್ ವಿರುದ್ಧ ಮಂಡಿಗೆ ಪೆಟ್ಟಾದಾಗ, ಮುಂದಿನ ಪಂದ್ಯಕ್ಕೆ ಕೋಚ್ ಸರೀನಾ ವೀಗ್‌ಮನ್ ತಂಡದ ವಿನ್ಯಾಸವನ್ನೇ ಬದಲಿಸಿದರು.

ಬಾರ್ಸಿಲೋನಾ ಪರ 2023 ಮತ್ತು 2024ರಲ್ಲಿ ಯುರೋಪಿನ ಕ್ಲಬ್‌ಗಳ ಟೂರ್ನಿ ಚಾಂಪಿಯನ್ಸ್ ಲೀಗ್ ಗೆದ್ದ ವಾಲ್ಶ್, 2025ರ ಜನವರಿಯಲ್ಲಿ ಇಂಗ್ಲೆಂಡ್‌ನ ಚೆಲ್ಸಿ ಕ್ಲಬ್ ಸೇರಿದರು. ಅದೇ ವರ್ಷ ಇಂಗ್ಲೆಂಡ್ ಜೊತೆ ಎರಡನೇ ಯೂರೋ ಕಪ್ಪೂ ಬಂತು.