ಹತ್ತಬೇಡಿ, ಇಳಿಯಿರಿ

ಪ್ರಶ್ನೆ: ಮಗಳ ಜೊತೆ ಪೋರ್ಚುಗಲ್‌ನ ಲಿಸ್ಬನ್‌ಗೆ ಹೊರಟಿದ್ದೇನೆ. ಗುಡ್ಡದ ಮೇಲಿನ ಹಳೇ ಬಡಾವಣೆ ಅಲ್ಫಾಮಾ ನೋಡಲೇಬೇಕು ಅಂತಾಳೆ. ನನಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹಳೇ ಮನೆ, ಸಂದಿಗೊಂದಿ ನೋಡೋಕೆ ಅಷ್ಟು ಕಷ್ಟ ಬೇಕಾ?
- ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೋಡಿ, ಆದರೆ ಹತ್ತಬೇಡಿ. 28ನೇ ನಂಬರಿನ ಹಳದಿ ಟ್ರಾಮ್ ಹಿಡಿದು ಗುಡ್ಡದ ಮೇಲಿನ ಪೋರ್ತಾಸ್ ದು ಸೋಲ್ ಅನ್ನೋ ಸ್ಟಾಪಿನಲ್ಲಿ ಇಳಿದು, ಅಲ್ಲಿಂದ ನದಿಯ ಕಡೆಗೆ ಸುಮ್ನೆ ಇಳಿಯುತ್ತಾ ಬನ್ನಿ. ಟ್ರಾಮ್‌ನಲ್ಲಿ ಜೇಬುಗಳ್ಳರ ಕಾಟ ಜಾಸ್ತಿ, ಪರ್ಸ್ ಮೇಲೆ ಕೈ ಇರಲಿ.

ಇನ್ನು ಆ ಸಂದಿಗೊಂದಿ. ಅಲ್ಫಾಮಾ ಅನ್ನೋ ಹೆಸರು ಅರಬ್ಬಿಯ 'ಅಲ್ ಹಮ್ಮಾ'ದಿಂದ ಬಂದದ್ದು, ಬಿಸಿನೀರಿನ ಬುಗ್ಗೆ ಅಂತ ಅರ್ಥ. 1147ರಲ್ಲಿ ಪೋರ್ಚುಗಲ್‌ನ ಮೊದಲ ರಾಜ ಅಫೊನ್ಸೊ ಹೆನ್ರಿಕ್ಸ್ ಮೇಲಿನ ಕೋಟೆ ಗೆಲ್ಲುವವರೆಗೆ ಇದು ಮುಸ್ಲಿಂ ಆಳ್ವಿಕೆಯ ಊರು. ರಾಜರು ಬದಲಾದರು, ಓಣಿಗಳ ಸಿಕ್ಕು ಮಾತ್ರ ಬಿಡಿಸಿಕೊಳ್ಳಲಿಲ್ಲ. 1755ರ ನವೆಂಬರ್ 1ರಂದು ಭೂಕಂಪ, ಅದರ ಹಿಂದೆ ಸುನಾಮಿ, ಬೆಂಕಿ. ಪಕ್ಕದ ತಗ್ಗಿನ ಬಾಯ್ಶಾ ಬಡಾವಣೆ ನಾಶವಾಯಿತು, ಮಂತ್ರಿ ಪೊಂಬಾಲ್ ಅದನ್ನು ಗೆರೆ ಎಳೆದ ಹಾಗೆ ನೇರ ಬೀದಿಗಳಲ್ಲಿ ಮತ್ತೆ ಕಟ್ಟಿಸಿದ. ಅಲ್ಫಾಮಾ ಬಹುಪಾಲು ಉಳಿದುಕೊಂಡಿತು. ಅದಕ್ಕೇ ಎರಡನ್ನೂ ಒಂದೇ ದಿನ ನೋಡಬೇಕು, ಆಗಲೇ ವ್ಯತ್ಯಾಸ ಕಣ್ಣಿಗೆ ಹೊಡೆಯೋದು.

ಟ್ರಾಮ್ ಇಳಿದ ಕೂಡಲೇ ಪಕ್ಕದ ಸಾಂತಾ ಲೂಸಿಯಾ ಚರ್ಚಿನ ಹೊರಗೋಡೆ ನೋಡಿ. ಭೂಕಂಪಕ್ಕೆ ಮೊದಲು ನದಿ ದಡದ ಚೌಕ ಹೇಗಿತ್ತು ಅಂತ ನೀಲಿ ಟೈಲ್ಸ್‌ಗಳಲ್ಲಿ ಬಿಡಿಸಿದ್ದಾರೆ. ಮಂಗಳವಾರ ಅಥವಾ ಶನಿವಾರವಾದರೆ ಫೈರಾ ದಾ ಲಾದ್ರಾ ಅನ್ನೋ ಹಳೇ ಸಾಮಾನಿನ ಸಂತೆ ಇರುತ್ತದೆ. ಅದರ ಹತ್ತಿರವೇ ಸಾಂತಾ ಎಂಗ್ರಾಸಿಯಾ ಚರ್ಚು. 1682ರಲ್ಲಿ ಶುರುವಾದ ಕಟ್ಟಡ ಮುಗಿದದ್ದು 1966ರಲ್ಲಿ! ಮುಗಿಯದ ಕೆಲಸಕ್ಕೆಲ್ಲ ಅಲ್ಲಿನವರು 'ಸಾಂತಾ ಎಂಗ್ರಾಸಿಯಾ ಕೆಲಸ' ಅಂತಾರೆ. ನಮ್ಮೂರ ಫ್ಲೈಓವರ್‌ಗೂ ಒಪ್ಪುವ ಮಾತು, ಅಲ್ವಾ?

ಓಣಿಯಲ್ಲಿ ಬಟ್ಟೆ ಒಣಹಾಕಿದ ಕಿಟಕಿ ಕಂಡರೆ ಅದಕ್ಕೆ ಅವರು 'ಜನೆಲಾ' ಅಂತಾರೆ. ಕರಾವಳಿಯವರ ಜನ್ನೆಲು ಅಲ್ಲಿಂದಲೇ ಬಂದದ್ದು. ನಮ್ಮ ಚಾವಿ, ಬಟಾಟೆಯೂ ಅಷ್ಟೇ, ಪೋರ್ಚುಗೀಸರ ಜೊತೆ ಹಡಗಿನಲ್ಲಿ ಬಂದ ಮಾತುಗಳು.

ಕೆಳಗೆ ಫಾದೂ ಅನ್ನೋ ಲಿಸ್ಬನ್ನಿನ ವಿಷಾದದ ಹಾಡಿನ ಮ್ಯೂಸಿಯಂ ಇದೆ, ಕೂತು ಕೇಳಬಹುದು. ಜೂನ್ 12ರ ರಾತ್ರಿ ಹೋದರೆ ಸಂತ ಅಂತೋನಿಯ ಹಬ್ಬ, ಓಣಿ ತುಂಬಾ ಬೂತಾಯಿ ಸುಡುವ ಹೊಗೆ. ಮೀನು ತಿನ್ನದವರಾದರೆ ಆ ದಿನ ಬೇಡ. ಮತ್ತೆ, ಸವೆದ ಕಲ್ಲು ಜಾರುತ್ತದೆ, ಚಪ್ಪಲಿ ಬಿಟ್ಟು ಶೂ ಹಾಕಿಕೊಂಡು ಹೋಗಿ.